ಸ್ಕೂಟರಿಗೆ ಗಡುವು, ಚಿಮಣಿಗೆ ವಿನಾಯಿತಿ: ಕೇಂದ್ರ ಪರಿಸರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶ್ರೀ ಭೂಪೇಂದ್ರ ಯಾದವ್ ಅವರಿಗೆ,

ಉಷ್ಣ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಯ ಬಗ್ಗೆ ತಮ್ಮ ಸಚಿವಾಲಯ 2025ರ ಜುಲೈ 11ರಂದು ಹೊರಡಿಸಿದ ಅಧಿಸೂಚನೆಯೇ ಈ ಪತ್ರಕ್ಕೆ ಕಾರಣ. ಹಿನ್ನೆಲೆ ತಮಗೆ ಗೊತ್ತಿರುವುದೇ. 2015ರ ಡಿಸೆಂಬರ್ 7ರಂದು, ಪ್ಯಾರಿಸ್‌ನಲ್ಲಿ ಹವಾಮಾನ ಶೃಂಗಸಭೆ ನಡೆಯುತ್ತಿದ್ದಾಗಲೇ, ಇದೇ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳ ಹೊಗೆಗೆ ಹೊಸ ಮಿತಿ ಹಾಕಿ, ಎರಡು ವರ್ಷದೊಳಗೆ ಪಾಲಿಸಬೇಕು ಎಂದಿತ್ತು. 2017 ಕಳೆಯಿತು, ಗಡುವು 2022ರವರೆಗೆ ಸರಿಯಿತು. ಅಲ್ಲಿಂದ 2024, 25, 26 ಎಂದಾಯಿತು. ಆಮೇಲೆ 2027, 28, 29. ಸಂಸತ್ತಿನಲ್ಲಿ ಪ್ರಶ್ನೆ ಕೇಳಿದವರಿಗೂ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೂ ಸಿಕ್ಕಿದ್ದು ಇನ್ನೊಂದು ದಿನಾಂಕ ಮಾತ್ರ. ಜುಲೈನ ಅಧಿಸೂಚನೆ ಹೆಚ್ಚಿನ ಘಟಕಗಳಿಗೆ ಆ ದಿನಾಂಕವನ್ನೂ ತೆಗೆದುಹಾಕಿತು. ದೊಡ್ಡ ನಗರಗಳಿಂದ ಮತ್ತು ಅತಿ ಮಲಿನವೆಂದು ಗುರುತಿಸಿದ ಪ್ರದೇಶಗಳಿಂದ ಹತ್ತು ಕಿಲೋಮೀಟರ್ ಆಚೆಗಿರುವ ಘಟಕಗಳು ಚಿಮಣಿಯ ಎತ್ತರದ ನಿಯಮ ಪಾಲಿಸಿದರೆ ಸಾಕು, ಗಂಧಕದ ಮಿತಿ ಅವಕ್ಕಿಲ್ಲ. ದೇಶದ ಸುಮಾರು 600 ಘಟಕಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈ ಗುಂಪಿಗೇ ಸೇರುತ್ತವೆ.

ಇದೇ ಸಚಿವಾಲಯ ಜನರಿಗೆ ಹೇಳುತ್ತಿರುವುದೇನು? 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿಯವರು ಪ್ರಸ್ತಾಪಿಸಿ, 2022ರ ಅಕ್ಟೋಬರಿನಲ್ಲಿ ಕೆವಡಿಯಾದಲ್ಲಿ ಚಾಲನೆ ಕೊಟ್ಟ ‘ಮಿಷನ್ ಲೈಫ್’ನಲ್ಲಿ ಪ್ರತಿಯೊಬ್ಬರೂ ಮಾಡಬೇಕಾದ 75 ಕೆಲಸಗಳ ಪಟ್ಟಿ ಇದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡಿ, ಎಸಿ 24 ಡಿಗ್ರಿಯಲ್ಲಿಡಿ, ಬಟ್ಟೆ ಚೀಲ ಒಯ್ಯಿರಿ. ಇದರಲ್ಲಿ ತಪ್ಪು ಹುಡುಕಲು ನಾನು ಕೂತಿಲ್ಲ; ಮಾಡಬೇಕಾದ ಕೆಲಸಗಳೇ. ನನ್ನ ತಕರಾರು ಬೇರೆ. ಹೊಣೆ ಹೊರಿಸುವ ಮುಂಚೆ ಯಾರ ಕೈಯಲ್ಲಿ ಎಷ್ಟು ಆಯ್ಕೆ ಇದೆ ಎಂದು ನೋಡಬೇಕು. ರಾಯಚೂರಿನ ಒಂದು ಮನೆಯವರು ಫ್ಯಾನ್ ಆರಿಸಬಹುದು, ಬಲ್ಬ್ ಬದಲಿಸಬಹುದು. ಊರ ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600 ಮೆಗಾವಾಟ್ ಸ್ಥಾವರಗಳಿವೆ. ಅಲ್ಲಿ ಯಾವ ಕಲ್ಲಿದ್ದಲು ಉರಿಯಬೇಕು, ಹೊಗೆಯಲ್ಲಿ ಏನು ಉಳಿಯಬೇಕು ಎಂಬುದನ್ನು ಆ ಮನೆಯವರು ತೀರ್ಮಾನಿಸಲಾರರು. ಅದನ್ನು ತೀರ್ಮಾನಿಸಬೇಕಾದವರು ಸ್ಥಾವರ ನಡೆಸುವವರು, ತೀರ್ಮಾನಿಸುವಂತೆ ಮಾಡಬೇಕಾದವರು ತಾವು. 2015ರಲ್ಲಿ ತಮ್ಮ ಸಚಿವಾಲಯ ಒಪ್ಪಿಕೊಂಡಿದ್ದ ಹೊಣೆಯೂ ಇದೇ.

ಗಂಧಕದ ವಿಷಯದಲ್ಲೇ ಒಂದು ಹೋಲಿಕೆ ನೋಡಿ. 2020ರ ಏಪ್ರಿಲ್ 1ಕ್ಕೆ ದೇಶವಿಡೀ ವಾಹನಗಳ ಹೊಗೆಗೆ ಬಿಎಸ್-6 ಮಾನದಂಡ ಜಾರಿಗೆ ಬಂತು. ಪೆಟ್ರೋಲ್, ಡೀಸೆಲ್‌ನಲ್ಲಿನ ಗಂಧಕ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಬಿಎಸ್-4ರಿಂದ ಮಧ್ಯದ ಒಂದು ಹಂತವನ್ನೇ ಬಿಟ್ಟು ಜಿಗಿಯಬೇಕಿತ್ತು, ತೈಲ ಸಂಸ್ಕರಣಾಗಾರಗಳಿಗೂ ವಾಹನ ಕಂಪನಿಗಳಿಗೂ ಅದು ಸಣ್ಣ ಖರ್ಚಲ್ಲ. ಆದರೂ ಆ ದಿನದಿಂದ ಬಿಎಸ್-4 ವಾಹನ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಕಡ್ಡಿ ಮುರಿದಂತೆ ಹೇಳಿದ್ದರಿಂದ ಕೆಲಸ ನಡೆಯಿತು. ಹೆಚ್ಚಿದ ಬೆಲೆ ತೆತ್ತವರು ಸ್ಕೂಟರ್, ಕಾರು ಕೊಂಡ ಜನ. ಇವತ್ತಿಗೂ ಅವರು ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಗೂಡಿನ ಮುಂದೆ ನಿಲ್ಲುತ್ತಾರೆ. ಗೂಡಿನವರು ಸೈಲೆನ್ಸರಿಗೆ ಸಲಾಕೆ ತೂರಿಸಿ, ನಂಬರ್ ಪ್ಲೇಟಿನ ಫೋಟೊ ತೆಗೆದು, ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ. ಒಬ್ಬ ಗಾರೆ ಕೆಲಸದವನ ಮೊಪೆಡ್ಡಿಗೆ ತಪ್ಪದ ನಿಯಮ ನೂರಾರು ಮೆಗಾವಾಟ್ ಘಟಕಕ್ಕೆ ಹತ್ತು ವರ್ಷವಾದರೂ ತಗಲಲಿಲ್ಲ.

ತಮ್ಮ ಸಮರ್ಥನೆಗಳನ್ನು ಓದಿದ್ದೇನೆ. ಹೆಚ್ಚಿನ ಊರುಗಳ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಮಿತಿಯೊಳಗೇ ಇದೆ ಎಂಬುದು ಮೊದಲನೆಯದು. ಅಳತೆ ನಿಜವಿರಬಹುದು, ಅಳೆದ ಜಾಗ ತಪ್ಪು. ಆ ಅನಿಲ ಗಾಳಿಯಲ್ಲಿ ಸಾಗುತ್ತಾ ಕೆಲವೇ ದಿನಗಳಲ್ಲಿ ಸಲ್ಫೇಟ್ ಕಣವಾಗಿ, ನೂರಾರು ಕಿಲೋಮೀಟರ್ ದೂರದಲ್ಲಿ ಪಿಎಂ 2.5 ಎಂಬ ಹೆಸರಿನಲ್ಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತು ಕಿಲೋಮೀಟರಿನ ಗೆರೆ ಅದನ್ನು ತಡೆಯದು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ ಎಂಬುದು ಎರಡನೆಯದು. ಶೇಕಡಾ ಅರ್ಧ ಎಂದೇ ಇಟ್ಟುಕೊಳ್ಳಿ, ಒಂದು ಟನ್ನಿಗೆ ಸುಮಾರು ಹತ್ತು ಕಿಲೊ ಗಂಧಕದ ಡೈಆಕ್ಸೈಡ್ ಆಯಿತು. ನಮ್ಮ ವಿದ್ಯುತ್ ಸ್ಥಾವರಗಳು ವರ್ಷಕ್ಕೆ ಉರಿಸುವುದು 80 ಕೋಟಿ ಟನ್ನಿಗೂ ಹೆಚ್ಚು. ಮೂರನೆಯ ವಾದ ಹವಾಮಾನದ ಹೆಸರಿನದು, ನನ್ನನ್ನು ಹೆಚ್ಚು ನೋಯಿಸಿದ್ದೂ ಅದೇ: ಹೊಗೆ ತೊಳೆಯುವ ಎಫ್‌ಜಿಡಿ ಯಂತ್ರಕ್ಕೆ ಸುಣ್ಣದಕಲ್ಲು ಬೇಕು, ವಿದ್ಯುತ್ ಬೇಕು, ಅದರಿಂದ ಇಂಗಾಲ ಹೆಚ್ಚುತ್ತದೆ. ಆ ಯಂತ್ರದಲ್ಲಿ ಹೊಗೆ ಗೋಪುರದೊಳಗೆ ಮೇಲೇರುವಾಗ ಸುಣ್ಣದಕಲ್ಲಿನ ಪುಡಿ ಕಲಸಿದ ನೀರನ್ನು ಮೇಲಿನಿಂದ ಸುರಿಸುತ್ತಾರೆ, ಗಂಧಕ ಜಿಪ್ಸಂ ಆಗಿ ತಳಕ್ಕಿಳಿಯುತ್ತದೆ. ಹತ್ತು ಕಿಲೊ ಗಂಧಕದ ಡೈಆಕ್ಸೈಡ್ ಹಿಡಿಯಲು ಆ ಕ್ರಿಯೆಯಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಏಳು ಕಿಲೊ. ಒಂದು ಟನ್ ಕಲ್ಲಿದ್ದಲು ಉರಿದಾಗ ಬರುವುದು ಸುಮಾರು ಒಂದೂವರೆ ಟನ್. ಸಾಗಣೆ, ವಿದ್ಯುತ್ ಸೇರಿಸಿದರೂ ಈ ಅನುಪಾತ ತಲೆಕೆಳಗಾಗದು. ಇಂಗಾಲದ ಚಿಂತೆ ಇದ್ದಿದ್ದರೆ ಹಳೆಯ ಘಟಕಗಳನ್ನು ಮುಚ್ಚುವ ದಿನಾಂಕ ಘೋಷಿಸಬೇಕಿತ್ತು. ಸರ್ಕಾರ ಯೋಜನೆ ಹಾಕಿಕೊಂಡಿದ್ದು 2031–32ರ ಹೊತ್ತಿಗೆ ಇನ್ನೂ 80 ಗಿಗಾವಾಟ್ ಕಲ್ಲಿದ್ದಲು ಸಾಮರ್ಥ್ಯ ಸೇರಿಸಲು.

ಜನ ವಿದ್ಯುತ್ ಕೇಳುತ್ತಾರೆ, ಅದಕ್ಕೇ ಸ್ಥಾವರಗಳು ಉರಿಯುತ್ತವೆ, ಹೊಣೆ ಕೊನೆಗೆ ಬಳಸುವವರದ್ದೇ ಎನ್ನುವವರೂ ಇದ್ದಾರೆ. ಜನ ಕೇಳುವುದು ಬೆಳಕನ್ನು, ಹೊಗೆಯನ್ನಲ್ಲ. ಎಲ್‌ಇಡಿ ಬಲ್ಬಿನ ಕಥೆ ನೋಡಿ. ‘ಉಜಾಲಾ’ ಯೋಜನೆಯಲ್ಲಿ ಸರ್ಕಾರ ಸಗಟಾಗಿ ಕೊಂಡಾಗ ಅದರ ಖರೀದಿ ದರ 2014ರ 310 ರೂಪಾಯಿಯಿಂದ ಎರಡೇ ವರ್ಷದಲ್ಲಿ 38ಕ್ಕೆ ಇಳಿಯಿತು. ಆಮೇಲೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ, ಹಳ್ಳಿ ಹಳ್ಳಿಯ ಅಂಗಡಿಯಲ್ಲೂ ಎಲ್‌ಇಡಿ ಬಂತು. ಬದಲಾವಣೆ ಶುರುವಾಗಿದ್ದು ತಯಾರಕರಿಂದ, ಅದೂ ಸರ್ಕಾರ ಕೈಹಾಕಿದ್ದರಿಂದ. ಇನ್ನು ಎಫ್‌ಜಿಡಿ ದುಬಾರಿ ಎಂಬ ಮಾತು. ಎಫ್‌ಜಿಡಿ ಹಾಕಿದವರು ಆ ವೆಚ್ಚವನ್ನು ದರದಲ್ಲಿ ಸೇರಿಸಲು ನಿಯಂತ್ರಣ ಆಯೋಗಗಳು ಒಪ್ಪಿವೆ. ಯೂನಿಟ್ಟಿಗೆ ಒಂದಿಷ್ಟು ಹೆಚ್ಚು ಕೊಡಬೇಕಾದವರು ನಾವೇ. ಕೊಡುತ್ತೀರಾ ಎಂದು ನಮ್ಮನ್ನು ಕೇಳಿದವರು ಯಾರು? ಆಸ್ಪತ್ರೆಯ ಬಿಲ್ಲು ಮಾತ್ರ ಕೇಳದೆಯೇ ಬರುತ್ತಿದೆ. ಅತ್ತ ನಿಯಮ ನಂಬಿ ದುಡ್ಡು ಹಾಕಿ ಯಂತ್ರ ಕೂರಿಸಿದ ಸ್ಥಾವರಗಳಿಗೆ ತಾವು ಕಲಿಸಿದ ಪಾಠವೇನು? ಕಾಯ್ದವನು ಗೆದ್ದ ಎಂದಲ್ಲವೇ? ಸಿಮೆಂಟ್, ಉಕ್ಕಿನ ಕಾರ್ಖಾನೆಗಳಿಗೆ ಇಂಗಾಲದ ಮಿತಿ ಹಾಕುವಾಗ ಅವರೂ ಇದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಗಣಿ, ಹಾರುಬೂದಿ, ನದಿಗೆ ಬಿಡುವ ಕೊಳಚೆ, ಎಲ್ಲದರಲ್ಲೂ ಗಡುವು ಇರುವುದು ಸಣ್ಣವರಿಗೆ, ಕಾಲಾವಕಾಶ ಸಿಗುವುದು ದೊಡ್ಡವರಿಗೆ.

ಜುಲೈ 11ರ ಅಧಿಸೂಚನೆಯನ್ನು ಹಿಂತೆಗೆದುಕೊಳ್ಳಿ. ಎಲ್ಲ ಘಟಕಗಳಿಗೂ 2015ರ ಮಿತಿಯನ್ನು ಮತ್ತೆ ಅನ್ವಯಿಸಿ. ಯಂತ್ರ ಹಾಕಲಾಗದ ಹಳೆಯ ಘಟಕ ಯಾವ ದಿನ ಮುಚ್ಚುತ್ತದೆ ಎಂದು ಬರೆಸಿಕೊಳ್ಳಿ. ಪ್ರತಿ ಚಿಮಣಿಯಲ್ಲಿ ಹೊರಬೀಳುವ ಗಂಧಕದ ಅಂಕಿಯನ್ನು ದಿನವೂ ಸ್ಥಾವರದ ಗೇಟಿನಲ್ಲಿ, ಆಯಾ ಊರಿನ ಭಾಷೆಯಲ್ಲಿ ಹಾಕಿಸಿ. ಮಿಷನ್ ಲೈಫ್ ಪಟ್ಟಿಯ ಪಕ್ಕದಲ್ಲೇ ಕಂಪನಿಗಳ ಪಟ್ಟಿಯನ್ನೂ ಪ್ರಕಟಿಸಿ. ಅದರಲ್ಲಿ ಕಾನೂನಿನ ಕಲಂ ಇರಲಿ, ದಿನಾಂಕ ಇರಲಿ, ದಂಡದ ಮೊತ್ತ ಇರಲಿ.

ಇಂತಿ,
ಕರ್ನಾಟಕದ ಒಬ್ಬ ವಿದ್ಯುತ್ ಗ್ರಾಹಕ