ಶಿಖರಗಳ ಸೀಮೆಯ ಇನ್ನೊಂದು ಊರು
ಅಮೆರಿಕದ ಒಹಾಯೊ ರಾಜ್ಯದ ಮರ್ಸರ್ ಕೌಂಟಿಯಲ್ಲಿ ಮುಸುಕಿನ ಜೋಳದ ಬಯಲು ದಾಟುವಾಗ ಮೊದಲು ಕಾಣುವುದು ಚರ್ಚಿನ ಶಿಖರ. 1830ರ ದಶಕದಿಂದ ಇಲ್ಲಿ ನೆಲೆಸಿದ ಜರ್ಮನ್ ಕ್ಯಾಥೊಲಿಕ್ ರೈತರು, ಆಮೇಲೆ ಅವರ ಮಕ್ಕಳು, ಊರೂರಲ್ಲೂ ಕೆಂಪು ಇಟ್ಟಿಗೆಯ ಚರ್ಚು ಕಟ್ಟಿದರು: ಕಮಾನಿನ ಕಿಟಕಿ, ಬಣ್ಣದ ಗಾಜು, ತುತ್ತತುದಿಯಲ್ಲಿ ಶಿಲುಬೆ. ಇವುಗಳಲ್ಲಿ ಹಲವು ಈಗ ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿವೆ. ಇದೇ ಕೌಂಟಿಯ ಕಾರ್ತಜೀನಾ ಮಾತ್ರ ಸ್ವತಂತ್ರ ಕಪ್ಪು ರೈತರು ಜಮೀನು ಕೊಂಡು ಕಟ್ಟಿದ ಊರು. 1846ರಲ್ಲಿ ವರ್ಜೀನಿಯಾದ ಜಾನ್ ರಾಂಡಾಲ್ಫ್ ಅವರ ಉಯಿಲಿನಂತೆ ಗುಲಾಮಗಿರಿಯಿಂದ ಬಿಡುಗಡೆಯಾದ ಮುನ್ನೂರಕ್ಕೂ ಹೆಚ್ಚು ಜನ, ತಮಗೆಂದು ಕೊಂಡಿದ್ದ ಜಮೀನಿಗೆ ಹೊರಟು ಈ ಸೀಮೆಗೆ ಬಂದಾಗ ಬಿಳಿಯರ ಗುಂಪು ಆಯುಧ ಹಿಡಿದು ಅವರನ್ನು ಅಟ್ಟಿತು. ಕಾರ್ತಜೀನಾದ ಹಳೆಯ ಕಪ್ಪು ಸಮುದಾಯದ ಸ್ಮಶಾನ ಇನ್ನೂ ಇದೆ. ಶಿಖರಗಳಿಗೆ ಸಲ್ಲುವ ಕಾಳಜಿ ಆ ಸಮಾಧಿಕಲ್ಲುಗಳಿಗೂ ಸಲ್ಲಬೇಕು. ಈ ನೆಲವನ್ನು ಉತ್ತು ಹಸನು ಮಾಡಿದವರಲ್ಲಿ ಅವರೂ ಇದ್ದರು.