ಹಿಮ್ಮೇಳದವರ ವರ್ಷ

ಶಾಲೆಯ ವಾರ್ಷಿಕ ಸಂಚಿಕೆಗೆ ಸಂಪಾದಕೀಯ ಬರೆಯಲು ಕೂತರೆ ಮೊದಲು ಕೈಗೆ ಸಿಗುವುದು ಬಹುಮಾನಗಳ ಪಟ್ಟಿ. 2024-25ರ ಪಟ್ಟಿ ಚಿಕ್ಕದು. ಪ್ರತಿಭಾ ಕಾರಂಜಿಯಲ್ಲಿ ನಮ್ಮ ಕವ್ವಾಲಿ ತಂಡ ತಾಲ್ಲೂಕು ದಾಟಲಿಲ್ಲ. ಭಾವಗೀತೆಯ ಹುಡುಗಿ ಜಿಲ್ಲಾ ಮಟ್ಟದವರೆಗೆ ಹೋಗಿ ಬಂದಳು. ಆದರೂ ಧಾರವಾಡ ಸೀಮೆಯ ಈ ಹಳ್ಳಿಯ ಹೈಸ್ಕೂಲಿಗೆ ಹಾಡು-ನಾಟಕದ ಮಟ್ಟಿಗೆ ಇಷ್ಟು ತುಂಬಿದ ವರ್ಷ ಈಚೆಗೆ ಬಂದಿರಲಿಲ್ಲ. ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಮಕ್ಕಳು ಈ ವರ್ಷ ಬಾಯಿಬಿಟ್ಟು ಹಾಡಿದರು.

ಅದು ಶುರುವಾದದ್ದು ಬೆಳಗಿನ ಪ್ರಾರ್ಥನೆಯಲ್ಲಿ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. ನಮ್ಮಲ್ಲಿ ಮಾತ್ರ ಮುಂದಿನ ಸಾಲಿನ ನಾಲ್ಕು ಹುಡುಗಿಯರು ಹಾಡುವುದು, ಉಳಿದವರು ತುಟಿ ಅಲುಗಿಸುವುದು ಎಂಬ ರೂಢಿಯೇ ನಡೆದುಕೊಂಡು ಬಂದಿತ್ತು. ಶಾಲೆಗೆ ಸಂಗೀತ ಶಿಕ್ಷಕರ ಹುದ್ದೆ ಇಲ್ಲ. ಜುಲೈನಿಂದ ಊರಿನ ಭಜನಾ ಮೇಳದ ಪೇಟಿ ಮಾಸ್ತರರು ಶನಿವಾರದ ಬೆಳಗಿನ ಶಾಲೆಗೆ ಬರತೊಡಗಿದರು. ಸಂಬಳವಿಲ್ಲ, ಬಿಸಿಯೂಟ ಮಾತ್ರ.

ಅವರು ಮೊದಲು ಹಿಡಿದದ್ದು ಒಂಬತ್ತನೆಯ ತರಗತಿಯ ಹುಡುಗರನ್ನು. ಎಂಟನೆಯ ತರಗತಿಗೆ ಬರುವ ಹುಡುಗ ಹುಡುಗಿಯರ ಶ್ರುತಿಯಲ್ಲೇ, ಪೇಟಿಯ ಕಪ್ಪು ನಾಲ್ಕರ ಪಟ್ಟಿಯಲ್ಲೇ, ಹಾಯಾಗಿ ಹಾಡುತ್ತಿರುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ದನಿ ಒಡೆಯುತ್ತದೆ. ತಾರಕ್ಕೆ ಹೋದ ಕೂಡಲೇ ಸೀಳುತ್ತದೆ, ಪಕ್ಕದವರು ಕಿಸಕ್ಕನೆ ನಗುತ್ತಾರೆ, ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಆಗ ಮುಚ್ಚಿದ ಬಾಯಿ ಎಷ್ಟೋ ಜನರಿಗೆ ಮತ್ತೆ ಹಾಡಿಗೆ ತೆರೆಯುವುದೇ ಇಲ್ಲ. ಹೈಸ್ಕೂಲಿನ ಸಂಗೀತದ ದೊಡ್ಡ ನಷ್ಟ ಇದು. ಯಾವ ವರದಿಯಲ್ಲೂ ಇದು ದಾಖಲಾಗುವುದಿಲ್ಲ. ಮಾಸ್ತರರು ಪಟ್ಟಿಯನ್ನು ಒಂದೆರಡು ಮನೆ ಇಳಿಸಿ, ಒಡೆದ ದನಿಯವರನ್ನೆಲ್ಲ ಹಿಂದೆ ಒಂದು ಸಾಲು ನಿಲ್ಲಿಸಿ, ಅದೇ ಹಾಡನ್ನು ಒಂದು ಸ್ಥಾಯಿ ಕೆಳಗೆ ಹಾಡಿಸಿದರು. ಒಬ್ಬ ಹುಡುಗ ತಲೆ ಬಗ್ಗಿಸಿ ನಿಂತಿದ್ದ. ಅವನ ಭುಜ ತಟ್ಟಿ, “ನಿನ್ನ ದನಿ ಕೆಟ್ಟಿಲ್ಲೋ ತಮ್ಮಾ, ಇಳದೈತಿ. ಕೆಳಗ ಹಾಡು” ಎಂದರು. ಆಗಸ್ಟ್ 15ರ ಹೊತ್ತಿಗೆ ಹಿಂದಿನ ಸಾಲಿನ ಆ ಗಡಸು ದನಿ ಹುಡುಗಿಯರ ಹಾಡಿಗೆ ನೆಲಗಟ್ಟು ಹಾಕಿದಂತೆ ಕೇಳುತ್ತಿತ್ತು.

ಪ್ರತಿಭಾ ಕಾರಂಜಿಯ ಬಗ್ಗೆ ನನಗೆ ಗೌರವವಿದೆ. ಕವ್ವಾಲಿ, ಗಝಲ್, ಜನಪದ ನೃತ್ಯ ಎಲ್ಲವನ್ನೂ ಸರ್ಕಾರಿ ಶಾಲೆಯ ಮಕ್ಕಳ ನಾಲಗೆಗೂ ಕಾಲಿಗೂ ತಂದು ಕೊಟ್ಟದ್ದು ಅದೇ. ಆದರೆ ಅದರ ಏಣಿ ಕಡಿದು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಏರಿದಂತೆ ಮಕ್ಕಳು ಕಡಿಮೆಯಾಗುತ್ತಾರೆ, ಬಾಡಿಗೆ ವೇಷಭೂಷಣದ ಖರ್ಚು ಹೆಚ್ಚುತ್ತದೆ. ಕೂಲಿಗೆ ಹೋಗುವ ತಾಯಿಯ ಒಂದು ದಿನದ ದುಡಿಮೆ ಮಿಂಚಿನ ಒಂದು ಲಂಗಕ್ಕೆ ಹೋಗುವುದು ನನಗೆ ಸರಿಕಾಣಲಿಲ್ಲ. ಈ ಸಲ ಜನಪದ ನೃತ್ಯದವರು ಅವ್ವ-ಅಜ್ಜಿಯರ ಇಳಕಲ್ ಸೀರೆ ಉಟ್ಟು ಹೋದರು. ಬಹುಮಾನ ಬರಲಿಲ್ಲ. ಬಾಡಿಗೆಯ ಹಣ ಉಳಿಯಿತು, ಆ ಹಣದಲ್ಲಿ ಎರಡು ಡೊಳ್ಳುಗಳಿಗೆ ಹೊಸ ಚರ್ಮ ಬಂತು.

ಡಿಸೆಂಬರ್ ತಿಂಗಳನ್ನು ಬೇರೆಯಾಗಿಯೇ ನೆನೆಯಬೇಕು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಅದಕ್ಕೆ ನೂರು ತುಂಬಿತು. ಹುಯಿಲಗೋಳ ನಾರಾಯಣರಾಯರ ನಾಡಹಾಡು ಮೊಳಗಿದ್ದು ಅಲ್ಲಿ. ಗಂಗೂಬಾಯಿ ಹಾನಗಲ್ ಗಾಂಧೀಜಿಯವರ ಎದುರು ಹಾಡಿದ್ದೂ ಅಲ್ಲೇ. ಆಗ ಅವರಿಗೆ 11 ವರ್ಷ, ನಮ್ಮ ಎಂಟನೆಯ ತರಗತಿಯ ಮಕ್ಕಳಿಗಿಂತ ಚಿಕ್ಕವರು. ಶಾಲೆ ಕಲಿತದ್ದು ಐದನೆಯ ಇಯತ್ತೆಯವರೆಗೆ. ಇದನ್ನು ಹೇಳಿದ ದಿನ ಮಕ್ಕಳು ನಾರಾಯಣರಾಯರ ಆ ನಾಡಹಾಡನ್ನು ಎರಡು ಸಲ ಹಾಡಿದರು. ಎರಡನೆಯ ಸಲ ಹಾಡಿರೆಂದು ಯಾರೂ ಹೇಳಿರಲಿಲ್ಲ.

ಅದೇ ತಿಂಗಳ 15ರಂದು ಉಸ್ತಾದ್ ಜಾಕಿರ್ ಹುಸೇನ್ ತೀರಿಕೊಂಡರು. ಸೋಮವಾರದ ಪ್ರಾರ್ಥನೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ತೀನ್‌ತಾಲದ ಠೇಕಾ ನುಡಿಸಿದ. ಆಮೇಲೆ ಆ ತಬಲಾಕ್ಕೆ ಅವನ ಕೈ ತಾಗಲಿಲ್ಲ. ಮಾರ್ಚ್ 21ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ಹತ್ತನೆಯವರನ್ನು ಹಾಡು, ನಾಟಕ ಎರಡರಿಂದಲೂ ಬಿಡಿಸಿ ವಿಶೇಷ ತರಗತಿಗೆ ಕೂಡಿಸುವುದು ಎಲ್ಲೆಡೆಯ ಪದ್ಧತಿ, ನಮ್ಮಲ್ಲೂ ಹಾಗೆಯೇ ಆಯಿತು. ಫಲಿತಾಂಶದ ಒತ್ತಡ ಮುಖ್ಯ ಗುರುಗಳ ಮೇಲೆ ಎಷ್ಟಿದೆಯೆಂದು ನಾನು ಬಲ್ಲೆ. ಹಾಗಿದ್ದರೂ ದಿನಕ್ಕೆ ಇಪ್ಪತ್ತು ನಿಮಿಷ ತಬಲಾ ಬಾರಿಸಿದರೆ ಗಣಿತ ಕೆಡುತ್ತದೆ ಎಂಬ ಮಾತನ್ನು ಒಪ್ಪಲಾರೆ.

ಜನವರಿಯ ಸ್ನೇಹ ಸಮ್ಮೇಳನಕ್ಕೆ ಬಿ.ವಿ. ಕಾರಂತರ ‘ಪಂಜರಶಾಲೆ’ ಆಡಿದೆವು. ಗಿಣಿಗೆ ವಿದ್ಯೆ ಕಲಿಸಲು ಹೊರಟ ರಾಜ ಪಂಜರ ಕಟ್ಟಿಸಿ, ಪುಸ್ತಕ ತುರುಕಿಸಿ, ಕೊನೆಗೆ ಗಿಣಿಯನ್ನೇ ಕಳೆದುಕೊಳ್ಳುವ ಟ್ಯಾಗೋರರ ಕಥೆ ಅದರ ಬೇರು. ಇದನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಪಂಡಿತರು, ಅಕ್ಕಸಾಲಿಗರು, ರಾಜನ ಬಂಧುಗಳು ಎಂದು ಎಷ್ಟು ಮಕ್ಕಳನ್ನಾದರೂ ಸೇರಿಸಿಕೊಳ್ಳಬಹುದು, ಮೇಳಕ್ಕಂತೂ ಮಿತಿಯೇ ಇಲ್ಲ. ಅಡ್ಡಿ ಬಂದದ್ದು ಬಸ್ಸಿನಿಂದ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಆದರೆ ಪಕ್ಕದ ಹಳ್ಳಿಗೆ ಸಂಜೆ ಇರುವುದು ಒಂದೇ ಬಸ್ಸು, ಅದು ಶಾಲೆ ಬಿಟ್ಟ ಕೂಡಲೇ ಹೊರಡುತ್ತದೆ. ತಾಲೀಮು ಸಂಜೆ ಇಟ್ಟರೆ ಅವರಿಲ್ಲ. ಹಾಗಾಗಿ ಊಟದ ಬಿಡುವಿನಲ್ಲಿ, ಸೈಕಲ್ ನಿಲ್ಲಿಸುವ ತಗಡಿನ ಚಾವಣಿಯ ಕೆಳಗೆ ನಾಟಕ ಕಟ್ಟಿದೆವು. ಗೊಬ್ಬರದ ಚೀಲ ಕತ್ತರಿಸಿ ಪಂಡಿತರ ಶಾಲು ಮಾಡಿದರು. ತರಗತಿಯಲ್ಲಿ ಹಾಜರಿ ಕೂಗಿದರೂ ಕೇಳದಷ್ಟು ಮೆಲ್ಲಗೆ ಓಗೊಡುವ ಎಂಟನೆಯ ತರಗತಿಯ ಹುಡುಗಿ ಗಿಣಿಯಾದಳು. ಅವಳಿಗೆ ಮಾತು ಕಡಿಮೆ, ರೆಕ್ಕೆ ಮುದುಡುವ ಕೆಲಸ ಹೆಚ್ಚು. ಪುಸ್ತಕದ ಹಾಳೆಗಳನ್ನು ಅವಳ ಬಾಯಿಗೆ ಹಿಡಿಯುವ ದೃಶ್ಯದಲ್ಲಿ ಮುಂದೆ ಕೂತ ತಾಯಂದಿರು ನಗುತ್ತಿದ್ದವರು ಸುಮ್ಮನಾದರು. ಪೆನ್‌ಡ್ರೈವಿನ ಸಿನಿಮಾ ಹಾಡಿಗೆ ಕುಣಿತವೂ ಇತ್ತು, ಮಕ್ಕಳು ಖುಷಿಪಟ್ಟರು. ಅದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ.

ಬರುವ ವರ್ಷಕ್ಕೆ ಮೂರು ಬೇಡಿಕೆಗಳನ್ನು ಎಸ್‌ಡಿಎಂಸಿಯ ಮುಂದೆ ಇಟ್ಟಿದ್ದೇವೆ. ಶನಿವಾರದ ಒಂದು ಅವಧಿ ವೇಳಾಪಟ್ಟಿಯಲ್ಲೇ ಹಾಡಿಗೆಂದು ಇರಲಿ. ಹತ್ತನೆಯವರು ಆ ಅವಧಿಯಲ್ಲಿ ಪರೀಕ್ಷೆಯ ಹಿಂದಿನ ವಾರದವರೆಗೂ ಕೂರಲಿ. ಪೇಟಿಯ ತಿದಿ ಗಾಳಿ ಬಿಡುತ್ತಿದೆ, ಎರಡು ಮನೆ ಒತ್ತಿದರೆ ಏಳುವುದಿಲ್ಲ. ಬೇಸಿಗೆ ರಜೆಯಲ್ಲಿ ಅದನ್ನು ಧಾರವಾಡಕ್ಕೆ ಒಯ್ದು ದುರಸ್ತಿ ಮಾಡಿಸಬೇಕು. ಮಾಸ್ತರರ ಗೌರವಧನದ ಮಾತನ್ನು ಹಳೆಯ ವಿದ್ಯಾರ್ಥಿಗಳ ಮುಂದೆ ಎತ್ತಿದ್ದೇವೆ, ಇಬ್ಬರು ಈಗಾಗಲೇ ಒಪ್ಪಿದ್ದಾರೆ.