ಏರಿ ಗಟ್ಟಿ, ತೂಬು ಸೋರಿಕೆ

ಕುಣಿಗಲ್ ದೊಡ್ಡಕೆರೆಯ ಕೆಳಗೆ ಗದ್ದೆ ಮಾಡುವ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಏರಿ ಎಷ್ಟೇ ಗಟ್ಟಿಯಿರಲಿ, ತೂಬು ಸೋರಿದರೆ ಕೆರೆ ಬರಿದು. ಬಿಟ್‌ಕಾಯಿನ್ ಎಂಬ ಹೊಸ ನಾಣ್ಯದ ವಿಚಾರದಲ್ಲಿಯೂ ಮಾತು ಇಷ್ಟೆ.

2017ರಲ್ಲಿ ಯುನೋಕಾಯಿನ್ ಕಂಪನಿಯ ಸುಮಾರು 60 ಬಿಟ್‌ಕಾಯಿನ್ ಕಳವಾದ ದೂರು ನಮ್ಮ ತುಮಕೂರಿನಲ್ಲಿಯೇ ದಾಖಲಾಯಿತು. ಆ ಪ್ರಕರಣದಲ್ಲಿ ವಿಶೇಷ ತನಿಖಾ ದಳ ಆರೋಪಿಯನ್ನು ಬಂಧಿಸಿದ್ದು 2024ರಲ್ಲಿ. ಇಂಥ ಸುದ್ದಿ ಬಂದಾಗಲೆಲ್ಲ ಕೆಲವರು ‘ಇದೆಲ್ಲಾ ಮೋಸ’ ಎನ್ನುತ್ತಾರೆ. ದಲ್ಲಾಳಿಗಳು ‘ಇದನ್ನು ಒಡೆಯಲು ಬ್ರಹ್ಮನಿಂದಲೂ ಆಗದು’ ಎನ್ನುತ್ತಾರೆ. ಎರಡೂ ಅರೆಸತ್ಯ.

2009ರಲ್ಲಿ ಆರಂಭವಾದ ಈ ಜಾಲಕ್ಕೆ ಯಜಮಾನನಿಲ್ಲ. ಒಂದೇ ಲೆಕ್ಕದ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಒಬ್ಬ ಸುಳ್ಳು ಬರೆದರೆ ಉಳಿದವರು ಒಪ್ಪರು. ಗುಬ್ಬಿ ಸೀಮೆಯ ಸಹಕಾರ ಸಂಘವೊಂದು ತನ್ನ ಲೆಕ್ಕವನ್ನು ಕಾರ್ಯದರ್ಶಿಯ ಬೀರುವಿನಲ್ಲಿಡದೆ ಪ್ರತಿ ಸದಸ್ಯನ ಮನೆಯಲ್ಲಿಯೂ ಇಟ್ಟಂತೆ. ಆದರೆ ಇಲ್ಲಿ ಮತ ತಲೆಗೊಂದಲ್ಲ, ಯಂತ್ರಬಲಕ್ಕೆ ತಕ್ಕಷ್ಟು. ಅರ್ಧಕ್ಕಿಂತ ಹೆಚ್ಚು ಬಲ ಉಳ್ಳವನ ಕೈ ಸೇರಿದರೆ ಲೆಕ್ಕವೂ ಅವನದೇ. ಬಿಟ್‌ಕಾಯಿನ್ ಗೋಲ್ಡ್ ಎಂಬ ಸಣ್ಣ ಜಾಲದಲ್ಲಿ 2018ರ ಮೇ ತಿಂಗಳಲ್ಲಿ ಹಾಗೆಯೇ ಆಯಿತು. ಒಮ್ಮೆ ಕೊಟ್ಟ ನಾಣ್ಯವನ್ನೇ ಮತ್ತೆ ಖರ್ಚುಮಾಡಿ ಸುಮಾರು 1 ಕೋಟಿ 80 ಲಕ್ಷ ಡಾಲರು ಲಪಟಾಯಿಸಿದರು. ದೊಡ್ಡ ಜಾಲದ ಏರಿ ಹೀಗೆ ಒಡೆದಿಲ್ಲ. ಆದ್ದರಿಂದ ಹೆಸರು ಕೇಳಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ತೂಬು. ಸಾಮಾನ್ಯನು ಜಾಲಕ್ಕೆ ನೇರ ಹೋಗುವುದಿಲ್ಲ. ವಿನಿಮಯ ಕಂಪನಿಗೆ ಹಣ ಕೊಟ್ಟು, ಬೀಗದ ಕೈಯನ್ನೂ ಅದರ ಬಳಿಯೇ ಬಿಡುತ್ತಾನೆ. ಕಳ್ಳ ಬರುವುದು ಅಲ್ಲಿಗೇ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಕಂಪನಿಯಿಂದ ಸುಮಾರು 23 ಕೋಟಿ ಡಾಲರಿನ ನಾಣ್ಯ ಹೋಯಿತು. ಗಿರಾಕಿಗಳು ತಮ್ಮ ನಾಣ್ಯಕ್ಕಾಗಿ ವರ್ಷಕ್ಕೂ ಮೀರಿ ಕಾದರು. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಇದಕ್ಕೆ ಅದೂ ಇಲ್ಲ.

ಮೇಷ್ಟರಾಗಿದ್ದ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡ ಹುಡುಗ ನಪಾಸಾದದ್ದನ್ನು ನಾವು ಕಂಡಿಲ್ಲ. ‘ನಮ್ಮಲ್ಲಿ ಭದ್ರತೆಯಿದೆ’ ಎಂಬ ಕಂಪನಿಯ ಜಾಹೀರಾತೂ ಅಂಥದೇ. ಎಲ್ಲ ಕಂಪನಿಗಳಿಗೂ ಒಂದೇ ಪ್ರಶ್ನೆಪತ್ರಿಕೆ ಇರಬೇಕು, ತಿದ್ದುವವರು ಹೊರಗಿನವರಾಗಬೇಕು, ಅಂಕಪಟ್ಟಿ ಎಲ್ಲರೂ ಓದುವಂತೆ, ಕನ್ನಡದಲ್ಲಿಯೂ ಪ್ರಕಟವಾಗಬೇಕು. ಕನ್ನ ಬಿದ್ದರೆ 6 ಗಂಟೆಯೊಳಗೆ ಕೇಂದ್ರ ಸರಕಾರದ ಸಂಸ್ಥೆಗೆ ತಿಳಿಸಬೇಕೆಂದು 2022ರಲ್ಲಿ ಆಜ್ಞೆಯಾಯಿತು. ಹಣ ಕಳೆದುಕೊಂಡವನಿಗೂ ಅಷ್ಟೇ ಬೇಗ ತಿಳಿಸಬಾರದೇಕೆ?

ಅದೇ 2022ರಿಂದ ಈ ವ್ಯಾಪಾರದ ಲಾಭದ ಮೇಲೆ ಸರಕಾರ ನೂರಕ್ಕೆ 30ರಂತೆ ತೆರಿಗೆ ವಸೂಲು ಮಾಡುತ್ತಿದೆ. ಬೆಳೆಯಲ್ಲಿ ಪಾಲು ಕೇಳುವವನು ತೂಬನ್ನೂ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ನಮ್ಮ ಯುವಕರಿಗೆ ನಮ್ಮದೊಂದೇ ಮಾತು: ಅಡಿಕೆ, ಕೊಬ್ಬರಿ ಮಾರಿದ ಮನೆಯ ದುಡ್ಡನ್ನು ಕೊಡುವ ಮುನ್ನ, ಕೀಲಿ ಯಾರ ಕೈಯಲ್ಲಿರುತ್ತದೆಂದು ಕೇಳಿ.